ಉಳಿದ ಸಮಯ ಯಾರದು?

ಇಡೀ ದಿನ ಸೌದೆ ತಂದು, ನೀರು ಹೊತ್ತು, ಅಡುಗೆ ಮಾಡಿದ ಮಹಿಳೆಯನ್ನು ‘ಉದ್ಯೋಗವಿಲ್ಲ’ ಎಂದು ಬರೆದುಕೊಳ್ಳುವುದು ಅನೇಕ ದೇಶಗಳ ಗಣತಿಯಲ್ಲಿ ಸಾಮಾನ್ಯ. ಅವಳು ಸುಮ್ಮನೆ ಕುಳಿತಿದ್ದಾಳೆಂದು ಇದರರ್ಥವಲ್ಲ. ಅವಳ ದುಡಿಮೆಗೆ ಬೆಲೆ ಕಟ್ಟಿದವರಿಲ್ಲ, ಅಷ್ಟೆ.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಕೊನೆಗೊಂಡ 1990ರ ದಶಕದಲ್ಲಿ ಬಡವರ ಮನೆಗಳಿಗೆ ವಿದ್ಯುತ್ ಒದಗಿಸುವ ಬೃಹತ್ ಯೋಜನೆ ಜಾರಿಗೆ ಬಂತು. ಕ್ವಾಜುಲು-ನಟಾಲ್ ಪ್ರಾಂತದ ಹಳ್ಳಿಗಳಲ್ಲಿ ಅದರಿಂದ ಏನಾಯಿತೆಂಬುದನ್ನು ಅರ್ಥಶಾಸ್ತ್ರಜ್ಞೆ ಟ್ಯಾರಿನ್ ಡಿಂಕಲ್‌ಮನ್ ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ವಿದ್ಯುತ್ ಬಂದು ಉದ್ಯೋಗ ಹೆಚ್ಚಿತೋ, ಉದ್ಯೋಗವಿದ್ದ ಹಳ್ಳಿಗೇ ವಿದ್ಯುತ್ ಬಂತೋ? ಇದನ್ನು ಬಿಡಿಸಲು ಅವರು ನೆಲದ ಇಳಿಜಾರನ್ನು ಆಧಾರವಾಗಿ ತೆಗೆದುಕೊಂಡರು. ಸಮತಟ್ಟಾದ ನೆಲದಲ್ಲಿ ತಂತಿ ಎಳೆಯುವ ಖರ್ಚು ಕಡಿಮೆ, ಕಡಿದಾದ ಗುಡ್ಡದಲ್ಲಿ ಹೆಚ್ಚು. ಹೀಗಾಗಿ ಮೊದಲು ಬೆಳಕು ಯಾವ ಹಳ್ಳಿಗೆ ಎಂಬುದನ್ನು ಜನರ ಅಗತ್ಯದ ಜೊತೆಗೆ ನೆಲದ ಓರೆಯೂ ನಿರ್ಧರಿಸಿತು. (ಈ ಅನ್ಯಾಯವೇ ಸಂಶೋಧನೆಗೆ ಅನುಕೂಲವಾಯಿತು!)

ವಿದ್ಯುತ್ ಬಂದ ಐದು ವರ್ಷಗಳೊಳಗೆ, ಪ್ರತಿ ನೂರು ಮಹಿಳೆಯರಲ್ಲಿ ಸುಮಾರು 9 ಮಂದಿ ಹೆಚ್ಚಾಗಿ ಉದ್ಯೋಗ ಹಿಡಿದಿದ್ದರು. ಸೌದೆಯ ಕೆಲಸ ತಗ್ಗಿತು, ದೀಪದಿಂದ ದಿನ ಉದ್ದವಾಯಿತು, ಮನೆಯಲ್ಲೇ ಸಣ್ಣ ವ್ಯಾಪಾರ ಮಾಡಲೂ ದಾರಿಯಾಯಿತು. ಆದರೆ ಮಕ್ಕಳ ಆರೈಕೆಯ ಹೊರೆ ಕಡಿಮೆಯಾದ ವಯಸ್ಸಿನವರಿಗೇ ಇದರ ಪ್ರಯೋಜನ ಹೆಚ್ಚು. ವಿದ್ಯುತ್ ತೊಟ್ಟಿಲು ತೂಗುವುದಿಲ್ಲವಲ್ಲ.

ಇನ್ನೊಂದು ಸಂಗತಿಯನ್ನೂ ಅದೇ ಅಧ್ಯಯನ ಹೇಳುತ್ತದೆ. ಮಹಿಳೆಯರ ಕೂಲಿಯ ದರ ಇಳಿಯಿತು, ಪುರುಷರ ಗಳಿಕೆ ಏರಿತು. ಒಮ್ಮೆಗೇ ಅನೇಕರು ಕೆಲಸ ಕೇಳಿ ಬಂದರೆ ಕೂಲಿ ಇಳಿಯುವುದು ಮಾರುಕಟ್ಟೆಯ ರೀತಿ. ಮನೆಯೊಳಗೆ ಬೆಲೆಯಿಲ್ಲದ ದುಡಿಮೆ ಹೊರಗೆ ಅಗ್ಗದ ದುಡಿಮೆಯಾಯಿತೆನ್ನಬೇಕೇ? ಅಷ್ಟು ಕಠಿಣವಾಗಿ ಹೇಳಲು ನನಗೆ ಮನಸ್ಸಿಲ್ಲ. ಕೈಗೆ ಬರುವ ಕಡಿಮೆ ಹಣವೂ ಸ್ವಂತದ್ದೇ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಉಳಿದ ಸಮಯವನ್ನು ಉದ್ಯೋಗದಿಂದಷ್ಟೇ ಅಳೆಯಬೇಕೇ? ಆ ಹೊತ್ತಿನಲ್ಲಿ ಒಂದು ಗಂಟೆ ಮಲಗಿದವಳು, ಮಗಳಿಗೆ ಪಾಠ ಓದಿಸಿದವಳು, ನೆರೆಮನೆಯ ರೋಗಿಯ ಬಳಿ ಕುಳಿತು ಬಂದವಳು ಗಣತಿಯಲ್ಲಿ ಮತ್ತೆ ‘ಉದ್ಯೋಗವಿಲ್ಲ’ ಎಂದೇ ದಾಖಲಾಗುತ್ತಾಳೆ. ಮಹಿಳೆಯ ಸಮಯ ಉಳಿಸಿದರೆ ಉತ್ಪಾದನೆ ಹೆಚ್ಚುತ್ತದೆ ಎಂಬುದು ಹಣ ಮಂಜೂರು ಮಾಡಿಸಲು ಒಳ್ಳೆಯ ವಾದ. ಉತ್ಪಾದನೆ ಹೆಚ್ಚದಿದ್ದರೆ ಅವಳು ಹೊಗೆಯಲ್ಲೇ ಇರಬೇಕೇ? ಗುಡ್ಡದ ಹಳ್ಳಿಗೆ ತಂತಿ ಎಳೆಯುವುದು ದುಬಾರಿ ಎನಿಸಿದ್ದಕ್ಕೆ, ಅಲ್ಲಿನ ಹೆಂಗಸರು ಸೌದೆಗಾಗಿ ನಡೆದ ದೂರವನ್ನು ಯಾರೂ ಖರ್ಚಿನ ಕಡೆ ಬರೆಯದಿದ್ದುದೂ ಒಂದು ಕಾರಣವಿರಬಹುದು.