ಹೊಸ್ತಿಲ ಮೇಲಿನ ಮೇಷ್ಟ್ರು

ಜಪಾನಿನ ಶಾಲೆಯಲ್ಲಿ ಪಾಠ ಹೇಳುವ ಪರದೇಶಿಗೆ ಹೊಗಳಿಕೆಯ ಬರವಿಲ್ಲ. ಎರಡು ಕಡ್ಡಿಯಲ್ಲಿ ಅನ್ನ ಎತ್ತಿ ಬಾಯಿಗಿಟ್ಟರೆ ಹೊಗಳುತ್ತಾರೆ. ಅರ್ಧ ವಾಕ್ಯ ಜಪಾನಿ ಆಡಿದರೂ ಹೊಗಳುತ್ತಾರೆ. ಹತ್ತು ವರ್ಷ ಅಲ್ಲೇ ಇದ್ದು, ಅಲ್ಲಿಯವರನ್ನೇ ಮದುವೆಯಾಗಿ, ತನ್ನ ಮಕ್ಕಳನ್ನು ಅದೇ ಊರಿನ ಶಾಲೆಗೆ ಸೇರಿಸಿದ ಮೇಲೂ ಹೊಗಳಿಕೆ ನಿಲ್ಲುವುದಿಲ್ಲ. ಮೊದಲ ವರ್ಷ ಹಿತವಾಗಿದ್ದ ಮಾತು ಬರಬರುತ್ತಾ ಚುಚ್ಚತೊಡಗುತ್ತದೆ. ನೆಂಟರ ಮಗು ಉಂಡ ತಟ್ಟೆ ತೊಳೆದಿಟ್ಟರೆ ಕೆನ್ನೆ ಸವರಿ ಜಾಣ ಅನ್ನುತ್ತೇವೆ. ನಮ್ಮ ಮಗುವಿಗಾದರೆ ‘ಲೋಟ ಯಾರು ತೊಳೀತಾರೆ?’ ಎಂದು ಗದರುತ್ತೇವೆ.

ಇಂಥ ಮೇಷ್ಟ್ರುಗಳು ಅಲ್ಲಿ ಸಾವಿರಾರು ಮಂದಿ. 1987ರಲ್ಲಿ ಜಪಾನ್ ಸರ್ಕಾರ ‘ಜೆಟ್’ ಎಂಬ ಯೋಜನೆ ಆರಂಭಿಸಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಂದ 848 ಜನರನ್ನು ಕರೆಸಿಕೊಂಡಿತು. ಅವರಲ್ಲಿ ಹೆಚ್ಚಿನವರದು ಇಂಗ್ಲಿಷ್ ಸಹಾಯಕ ಶಿಕ್ಷಕರ ಕೆಲಸ: ಜಪಾನಿ ಶಿಕ್ಷಕರ ಪಕ್ಕದಲ್ಲಿ ನಿಂತು ಓದಿ ಹೇಳುವುದು, ಉಚ್ಚಾರ ತಿದ್ದುವುದು, ಆಟ ಆಡಿಸುವುದು. ಕರಾರು ವರ್ಷದ್ದು, ಎಷ್ಟು ಮುಂದುವರಿಸಿದರೂ ಐದು ವರ್ಷಕ್ಕೆ ಮುಗಿಯಿತು. 2020ರಿಂದ ಐದನೇ ತರಗತಿಯಲ್ಲೇ ಇಂಗ್ಲಿಷ್ ಪೂರ್ಣ ಪ್ರಮಾಣದ ಪಠ್ಯವಿಷಯವಾಗಿದೆ. ಎಷ್ಟೋ ಊರುಗಳು ಈಗ ಗುತ್ತಿಗೆ ಕಂಪನಿಗಳಿಂದ ಮೇಷ್ಟ್ರನ್ನು ತರಿಸಿಕೊಳ್ಳುತ್ತವೆ. ಹಾಗೆ ಬಂದವರಲ್ಲಿ ಕೆಲವರಿಗೆ ಬೇಸಿಗೆ ರಜೆಯ ಸಂಬಳವೂ ಪೂರ್ತಿ ಸಿಗುವುದಿಲ್ಲ. ‘ಸೆನ್ಸೈ’ ಎಂಬ ಗೌರವ ಮಾತ್ರ ಎಲ್ಲರಿಗೂ ಪೂರ್ತಿ.

ಮಧ್ಯಾಹ್ನದ ಊಟದ ಹೊತ್ತಿಗೆ ಆ ಶಾಲೆ ನೋಡಬೇಕು. ಬಿಳಿ ಟೋಪಿ, ಬಿಳಿ ಏಪ್ರನ್, ಮಾಸ್ಕ್ ತೊಟ್ಟ ಪಾಳಿಯ ಮಕ್ಕಳು ಅನ್ನ, ಸಾರು, ಮೀನು, ಹಾಲು ಎಲ್ಲವನ್ನೂ ತರಗತಿಗೇ ಹೊತ್ತು ತಂದು ಬಡಿಸುತ್ತಾರೆ. ಮುಖ್ಯೋಪಾಧ್ಯಾಯರು ಸುಮಾರು ಅರ್ಧ ಗಂಟೆ ಮೊದಲೇ ಅದೇ ಊಟ ಉಂಡು ಪರೀಕ್ಷಿಸಿರುತ್ತಾರೆ. ಮೇಷ್ಟ್ರೂ ಮಕ್ಕಳ ನಡುವೆ ಕೂತು ಅದನ್ನೇ ಉಣ್ಣಬೇಕು. ನಮ್ಮ ಕಡೆಯಿಂದ ಹೋದ ಸಸ್ಯಾಹಾರಿಯ ಕಷ್ಟ ಶುರುವಾಗುವುದು ಇಲ್ಲಿ. ಮೀನಿನ ತುಂಡನ್ನು ಬದಿಗೆ ಸರಿಸಬಹುದು, ಸಾರನ್ನು ಏನು ಮಾಡುವುದು? ಒಣಗಿಸಿ ತುರಿದ ಮೀನಿನ ರಸವಾದ ‘ದಾಶಿ’ ಬರಿಯ ಸೊಪ್ಪಿನ ಪಲ್ಯದಂತೆ ಕಾಣುವುದರಲ್ಲೂ ಇರುತ್ತದೆ. ಅಲರ್ಜಿ ಎಂದರೆ ಶಾಲೆಗೆ ಅರ್ಥವಾಗುತ್ತದೆ. ಅದಕ್ಕೆ ಪಟ್ಟಿ, ವೈದ್ಯರ ಚೀಟಿ, ಬೇರೆ ತಟ್ಟೆ ಎಲ್ಲ ಇದೆ. ‘ನಾನು ತಿನ್ನುವುದಿಲ್ಲ’ ಎಂಬ ಮಾತಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಮನೆಯಿಂದ ಡಬ್ಬಿ ತರಬಹುದು, ಯಾರೂ ಬೇಡ ಎನ್ನರು. ಆದರೆ ಇಡೀ ಕೋಣೆ ಒಂದೇ ಊಟ ಉಣ್ಣುವಾಗ ತನ್ನ ಡಬ್ಬಿ ಬಿಚ್ಚುವವನು ಮತ್ತೆ ನೆಂಟನೇ.

ಊಟ ಮುಗಿದರೆ ಕಸಗುಡಿಸುವ ಹೊತ್ತು. ಧ್ವನಿವರ್ಧಕದಲ್ಲಿ ಹಾಡು ಶುರುವಾಗುತ್ತದೆ, ಮೇಜುಗಳು ಹಿಂದಕ್ಕೆ ಸರಿಯುತ್ತವೆ. ಮಕ್ಕಳು ಬಗ್ಗಿ ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಾ ಓಡುತ್ತಾರೆ. ಅನೇಕ ಶಾಲೆಗಳಲ್ಲಿ ಶೌಚಾಲಯಕ್ಕೂ ಅವರದೇ ಪಾಳಿ. ನಮ್ಮಲ್ಲಿ ಇದನ್ನು ಕೊಂಡಾಡುವ ಭಾಷಣಕಾರರಿಗೆ ಕೊರತೆಯಿಲ್ಲ. ಆದರೆ ನಮ್ಮ ಶಾಲೆಗಳಲ್ಲಿ ಯಾವ ಮಗುವಿನ ಕೈಗೆ ಪೊರಕೆ ಬರುತ್ತದೆ ಎಂಬುದರಲ್ಲಿ ಜಾತಿಯ ಲೆಕ್ಕ ಎಷ್ಟೋ ಸಲ ಅಡಗಿರುತ್ತದೆ. ಆ ಲೆಕ್ಕ ಅಳಿಸದೆ ಜಪಾನಿನ ಪೊರಕೆಯನ್ನಷ್ಟೇ ತಂದು ಪ್ರಯೋಜನವಿಲ್ಲ. ಅಲ್ಲಿ ಪಾಳಿ ಎಂದರೆ ಎಲ್ಲರ ಪಾಳಿ. ಪರದೇಶಿ ಮೇಷ್ಟ್ರಿಗೆ ಮಾತ್ರ ‘ನೀವು ಕೂತಿರಿ’ ಎನ್ನುತ್ತಾರೆ. ಕೂತರೆ ಕೂತೇ ಇರಬೇಕಾಗುತ್ತದೆ. ಬಟ್ಟೆ ಹಿಡಿದು ಬಗ್ಗಿದವನಿಗೆ, ಹಲವು ತಿಂಗಳಾದ ಮೇಲೆ, ಯಾವುದೋ ಪುಟ್ಟ ಹುಡುಗಿ ‘ಸೆನ್ಸೈ, ಆ ಮೂಲೆ ಬಿಟ್ಟಿದ್ದೀರಿ’ ಎಂದು ಬೆರಳು ತೋರಿಸಬಹುದು. ನನ್ನ ಲೆಕ್ಕದಲ್ಲಿ ಅದು ಶಿಕ್ಷಣ ಮಂಡಳಿ ಕೊಡುವ ಪ್ರಶಸ್ತಿಪತ್ರಕ್ಕಿಂತ ದೊಡ್ಡದು.

ಈ ನೆಂಟಸ್ತನ ಇಂದಿನದಲ್ಲ. ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ ಪಶ್ಚಿಮದ ಪಂಡಿತರನ್ನು ಭಾರೀ ಸಂಬಳ ಕೊಟ್ಟು ಕರೆಸಿತು. ಅವರಿಂದ ಕಲಿತವರು ತಯಾರಾದಂತೆಲ್ಲ ಅವರನ್ನು ಮರ್ಯಾದೆಯಿಂದ ಬೀಳ್ಕೊಟ್ಟಿತು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಲಾಫ್ಕಾಡಿಯೊ ಹರ್ನ್ ಮಾತ್ರ ಬೀಳ್ಕೊಡುಗೆ ಬೇಡವೆಂದವನು. 1890ರಲ್ಲಿ ಮಾತ್ಸುಎ ಎಂಬ ಊರಿನ ಶಾಲೆಗೆ ಇಂಗ್ಲಿಷ್ ಹೇಳಿಕೊಡಲು ಬಂದು, ಕೊಯಿಜುಮಿ ಸೆತ್ಸುವನ್ನು ಮದುವೆಯಾಗಿ, 1896ರಲ್ಲಿ ಜಪಾನಿ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂದು ಹೆಸರನ್ನೇ ಬದಲಿಸಿಕೊಂಡ. ಟೋಕಿಯೊದ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. 1903ರಲ್ಲಿ ಅಲ್ಲಿಂದಲೂ ಹೊರಬರಬೇಕಾಯಿತು. ಅವನ ಜಾಗಕ್ಕೆ ಬಂದವರಲ್ಲಿ ಲಂಡನ್ನಿನಲ್ಲಿ ಓದಿ ಮರಳಿದ, ಮುಂದೆ ಕಾದಂಬರಿಕಾರನಾದ ನಾತ್ಸುಮೆ ಸೊಸೆಕಿಯೂ ಒಬ್ಬ. ಮರುವರ್ಷವೇ ಹರ್ನ್ ತೀರಿಕೊಂಡ. ಇವತ್ತು ಮಾತ್ಸುಎಯಲ್ಲಿ ಅವನಿದ್ದ ಮನೆಯನ್ನು ಕಾಪಾಡಿಟ್ಟಿದ್ದಾರೆ, ಪಕ್ಕದಲ್ಲೇ ಸ್ಮಾರಕ ಸಂಗ್ರಹಾಲಯವಿದೆ. ಗೌರವದಲ್ಲಿ ಆ ಊರು ಯಾವತ್ತೂ ಕಡಿಮೆ ಮಾಡಿಲ್ಲ.

ಕಾನೂನಿನ ಮಾತೂ ಸುಮಾರು ಹೀಗೇ ಇದೆ. ಶಿಕ್ಷಕರ ನೇಮಕಾತಿ ಪರೀಕ್ಷೆ ಪಾಸಾದ ವಿದೇಶಿ ಪ್ರಜೆಗೆ 1991ರಿಂದ ಸರ್ಕಾರಿ ಶಾಲೆಯಲ್ಲಿ ಕಾಯಂ ಕೆಲಸ ಸಿಗುತ್ತದೆ. ಆದರೆ ಬಹುತೇಕ ಕಡೆ ಹುದ್ದೆಯ ಹೆಸರು ಬೇರೆ, ಮುಖ್ಯೋಪಾಧ್ಯಾಯರಾಗುವ ದಾರಿಯೂ ಇಲ್ಲ. ಇದರ ಪೆಟ್ಟು ಬಿದ್ದಿರುವುದು ವಿಮಾನದಲ್ಲಿ ಬಂದಿಳಿದ ಇಂಗ್ಲಿಷ್ ಮೇಷ್ಟ್ರಿಗಿಂತ ಹೆಚ್ಚಾಗಿ ಅಲ್ಲೇ ಹುಟ್ಟಿ ಬೆಳೆದ ಕೊರಿಯನ್ ಮೂಲದವರಿಗೆ. ಹೊಗಳಿಸಿಕೊಳ್ಳುವ ಭಾಗ್ಯವೂ ಅವರಿಗಿಲ್ಲ, ಜಪಾನಿ ಅವರ ಮನೆಮಾತೇ ಆಗಿರುತ್ತದಲ್ಲ!

ಶಾಲೆಯ ಗೇಟಿನಾಚೆಗೆ ಕೇರಿ ಇದೆ. ಅದು ಶಾಲೆಯಷ್ಟು ನಾಜೂಕಲ್ಲ. ಸುಡುವ ಕಸ ಒಂದು ದಿನ, ಪ್ಲಾಸ್ಟಿಕ್ ಇನ್ನೊಂದು ದಿನ. ಬಾಟಲಿಯ ಮುಚ್ಚಳ ಬೇರೆ, ಲೇಬಲ್ ಬೇರೆ. ತಪ್ಪಿದರೆ ಚೀಲಕ್ಕೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಪಕ್ಕದ ಮನೆಯ ಅಜ್ಜಿ ಅದನ್ನು ಹಿಡಿದುಕೊಂಡು ಬಾಗಿಲಿಗೇ ಬರುವುದೂ ಉಂಟು. ಕೇರಿಯ ಸಂಘದ ಸೂಚನೆಗಳನ್ನು ಸಿಕ್ಕಿಸಿದ ‘ಕೈರಾನ್‌ಬಾನ್’ ಎಂಬ ಹಲಗೆ ಮನೆಯಿಂದ ಮನೆಗೆ ಕೈ ಬದಲಾಗುತ್ತದೆ. ಓದಿ, ಮುದ್ರೆ ಒತ್ತಿ ಮುಂದಿನ ಮನೆಗೆ ಮುಟ್ಟಿಸಬೇಕು. ಅದು ಮೇಷ್ಟ್ರ ಬಾಗಿಲನ್ನು ದಾಟಿ ಮುಂದೆ ಹೋಗುತ್ತದೋ, ಅಲ್ಲಿ ನಿಲ್ಲುತ್ತದೋ ಎಂಬುದರಲ್ಲೇ ಎಲ್ಲ ತಿಳಿಯುತ್ತದೆ.

ಈಚೆಗೆ ಹೆಚ್ಚು ಕಡೆ ನಿಲ್ಲತೊಡಗಿದೆಯಂತೆ. ಔದಾರ್ಯ ಹೆಚ್ಚಿತೆಂದಲ್ಲ, ಜನ ಕಡಿಮೆಯಾದರು. ಗುಡ್ಡದ ಊರುಗಳಲ್ಲಿ ಉಳಿದವರು ಮುದುಕರು. ಹಬ್ಬದ ದಿನ ದೇವರ ಪಲ್ಲಕ್ಕಿ ‘ಮಿಕೊಶಿ’ ಹೊರಲು ಹೆಗಲು ಸಾಲದು. ಆಗ ಇಂಗ್ಲಿಷ್ ಮೇಷ್ಟ್ರ ನೆನಪಾಗುತ್ತದೆ. ಹಬ್ಬದ ಅಂಗಿ ತೊಡಿಸಿ, ತಲೆಗೆ ಪಟ್ಟಿ ಬಿಗಿದು ಸಾಲಿಗೆ ನಿಲ್ಲಿಸುತ್ತಾರೆ. ಆಳು ಎತ್ತರದವನಾದರೆ ಆ ಬದಿಯ ಭಾರವೆಲ್ಲ ಅವನ ಮೇಲೆ, ಪಲ್ಲಕ್ಕಿಯೂ ವಾಲುತ್ತದೆ. ‘ಮೊಣಕಾಲು ಬಗ್ಗಿಸಿ ನಡಿ, ಎಷ್ಟು ಸಲ ಹೇಳಬೇಕು ನಿನಗೆ!’ ಎಂದು ಊರ ಹಿರಿಯರು ಎಲ್ಲರೆದುರೇ ಬೈಯುತ್ತಾರೆ.