ಹಳೇ ಹಾಡನ್ನು ಬಿಡಬೇಕಾ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಿಂದ ಈ ಮಳೆಯಲ್ಲೂ ಬಂದಿದ್ದೀರಿ, ದೇವರಿಗೆ ಸ್ತೋತ್ರ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ 3ನೇ ಅಧ್ಯಾಯ 16ನೇ ವಚನ ತೆಗೆಯಿರಿ. ಅಲ್ಲಿ ಪೌಲನು ಮೂರು ಬಗೆಯ ಹಾಡು ಹೇಳ್ತಾನೆ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡಿ ಅಂತ ಹೇಳಲಿಲ್ಲ.

ನಮ್ಮ ಯುವಕರು ಕೇಳ್ತಾರೆ, "ಪಾಸ್ಟರ್, ಪುಸ್ತಕದ ಹಳೇ ಹಾಡಲ್ಲಿ ಅಭಿಷೇಕ ಎಲ್ಲುಂಟು?" ಹಿರಿಯರು ಹೇಳ್ತಾರೆ, "ಈ ಡ್ರಮ್ಸು, ಕೀಬೋರ್ಡು ಎಲ್ಲ ಲೋಕದ್ದು." ಇಬ್ಬರೂ ಸ್ವಲ್ಪ ಕೇಳಿ.

‘ಹೋಲಿ, ಹೋಲಿ, ಹೋಲಿ’ ಹಾಡನ್ನು ಬರೆದವರು ರೆಜಿನಾಲ್ಡ್ ಹೀಬರ್. ಕಲ್ಕತ್ತಾದ ಬಿಷಪ್ ಆಗಿ ನಮ್ಮ ದೇಶಕ್ಕೆ ಬಂದು, 1826ರಲ್ಲಿ ತಿರುಚಿರಾಪಳ್ಳಿಯಲ್ಲಿ ತೀರಿಹೋದರು. ವಯಸ್ಸು ಬರೇ 42. ಇವತ್ತು ಲೋಕವೆಲ್ಲ ಹಾಡುವ ಆ ರಾಗ ಅವರ ಕಿವಿಗೆ ಬೀಳಲೇ ಇಲ್ಲ. ಅದನ್ನು ಕಟ್ಟಿದವರು ಇಂಗ್ಲೆಂಡಿನ ಡರಮ್ ಊರಿನ ಪಾದ್ರಿ ಜಾನ್ ಬ್ಯಾಕಸ್ ಡೈಕ್ಸ್. ಪುಸ್ತಕದಲ್ಲಿ ಬಂದದ್ದು 1861ರಲ್ಲಿ, 35 ವರ್ಷ ಕಳೆದು. ಬಿತ್ತಿದವರು ಒಬ್ಬರು, ನೀರು ಹೊಯ್ದವರು ಇನ್ನೊಬ್ಬರು, ಬೆಳೆಸಿದವನು ದೇವರು. ಹಲ್ಲೆಲೂಯ!

ಮರುವರ್ಷ, 1862ರಲ್ಲಿ, ನಮ್ಮ ಕನ್ನಡದಲ್ಲಿ ‘ಕಥಾಮಾಲೆ’ ಬಂತು. ಬರೆದವರು ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟೆಲ್. ಹೌದು, 1894ರ ನಿಘಂಟಿನ ಅದೇ ಕಿಟೆಲ್. ಜರ್ಮನಿಯವರು, ಆದರೆ ಯೇಸುವಿನ ಚರಿತ್ರೆಯನ್ನು ನಮ್ಮ ದೇಶದ ಸಂಗೀತದ ರೀತಿಯಲ್ಲೇ ಹಾಡಿಗೆ ತಂದರು. ಹಿರಿಯರೇ, ನೀವು ಕಾಪಾಡುವ ಹಳೇದೂ ಒಂದು ದಿನ ಹೊಸತೇ ಆಗಿತ್ತು.

ಯುವಕರೇ, ನಿಮಗೂ ಒಂದು ಮಾತು. ಕಳೆದ ವರ್ಷ ಮೂಡುಬಿದಿರೆ ಕಡೆ ಒಬ್ಬ ತಾಯಿಯನ್ನು ಮಣ್ಣು ಮಾಡಿದೆವು. ತಾನು ಹೋಗುವಾಗ ಇಂಥದ್ದೇ ಹಾಡು ಹಾಡಬೇಕು ಅಂತ ಮೊದಲೇ ಹೇಳಿಟ್ಟಿದ್ದರು. ನಾನು ಎತ್ತಿಕೊಂಡೆ. ಎರಡನೇ ಚರಣಕ್ಕೆ ಬರುವಾಗ ಉಳಿದದ್ದು ಎರಡೇ ಸ್ವರ, ನನ್ನದು ಮತ್ತು ಅವರ ಗಂಡನದ್ದು. ಮಗ ಮೊಬೈಲಲ್ಲಿ ಹುಡುಕ್ತಾ ಇದ್ದ, ನೆಟ್‌ವರ್ಕ್ ಸಿಗಲಿಲ್ಲ. ಅಮ್ಮ ದಿನಾ ಅಡುಗೆಮನೆಯಲ್ಲಿ ಹಾಡಿದ ಹಾಡು ಮಗನ ಬಾಯಲ್ಲಿ ಇರಲಿಲ್ಲ.

ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಸೀಲರ ಕೈಯಲ್ಲಿ ಪುಸ್ತಕ ಇತ್ತಾ? ಗೋಡೆಯಲ್ಲಿ ಸ್ಕ್ರೀನ್ ಇತ್ತಾ? ಮಧ್ಯರಾತ್ರಿಯ ಕತ್ತಲೆಗೆ ಬಾಯಲ್ಲಿರುವ ಹಾಡೇ ಬೇಕು, ಪ್ರಿಯರೇ.

ಈ ವಾರ ಒಂದು ಕೆಲಸ. ಮಕ್ಕಳೇ, ಮನೆಯ ಹಿರಿಯರ ಹತ್ತಿರ ಕೂತು ಒಂದು ಹಳೇ ಹಾಡನ್ನು ಎಲ್ಲಾ ಚರಣ ಸಮೇತ ಬಾಯಿಪಾಠ ಮಾಡಿ. ಹಿರಿಯರೇ, ಮಕ್ಕಳಿಂದ ಒಂದು ಹೊಸದು ಕಲಿಯಿರಿ. ಬರುವ ಭಾನುವಾರ ಎರಡೂ ಹಾಡೋಣ, ಕೀಬೋರ್ಡೂ ಇರಲಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.