ಅರಿಯದೆ ಆದ ತಪ್ಪು

ಕಳೆದ ಡಿಸೆಂಬರಿನಲ್ಲಿ ನಿಡೋಣಿಯಿಂದ ನಾವು ಮನೆಮಂದಿಯೆಲ್ಲ ಮುರುಡೇಶ್ವರಕ್ಕೆ ಹೋಗಿದ್ದೆವು. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ಬಾಯಿಗೆ ಉಸಿರಿನ ಕೊಳವೆ ಕಚ್ಚಿ, ಮುಖ ನೀರಿನಲ್ಲಿಟ್ಟು ತೇಲುತ್ತಾ ಸಮುದ್ರದೊಳಗಿನ ಜೀವಿಗಳನ್ನು ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ತೋಟದ ಬಾವಿಯಲ್ಲಿ ಈಜು ಕಲಿತ ನನ್ನ ಮಗನೂ ಕ್ಯಾಮರಾ ಹಿಡಿದು ಇಳಿದ. ಬಂಡೆಯಂಚಿನಲ್ಲಿ ಗಿಳಿಮೀನೊಂದು ಕಂಡಿತು. ಚಿತ್ರ ಅಲುಗಾಡಬಾರದೆಂದು ಅವನು ಕೆಳಗಿನ ಹವಳದ ಮೇಲೆ ಕಾಲೂರಿದ. ಅದರ ಒಂದು ಟಿಸಿಲು ಮುರಿಯಿತು. ಜೊತೆಗಿದ್ದ ಈಜುಗಾರ, "ಅದು ಕಲ್ಲಲ್ಲ ತಮ್ಮಾ, ಜೀವ" ಎಂದ.

ಮರಳುವಾಗ ದೋಣಿಯಲ್ಲಿ ಮಗ ಕೇಳಿದ: "ಅಬ್ಬಾ, ಗೊತ್ತಿಲ್ದ ಮಾಡಿದ್ದೂ ಗುನಾಹ್ ಆಗ್ತದೇನು?"

ಪ್ರಶ್ನೆ ಚಿಕ್ಕದಲ್ಲ. ಹವಳವೆಂಬುದು ಸಾವಿರಾರು ಸಣ್ಣ ಜೀವಿಗಳು ಕೂಡಿ ಸುಣ್ಣದಿಂದ ಕಟ್ಟಿದ ಮನೆ. ಗಟ್ಟಿ ಗುಂಡಿನಂತಹ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೂ ಹೆಚ್ಚು. ಮೀನುಗಳು ಅದರ ಸಂದುಗಳಲ್ಲೇ ಅಡಗಿ ಬದುಕುತ್ತವೆ. ನಮ್ಮ ದೇಶದ ಕಾನೂನು 2001ರಿಂದ ಹವಳಕ್ಕೂ ಹುಲಿಗೆ ಇರುವಂತಹ ರಕ್ಷಣೆ ನೀಡಿದೆ. ಪವಿತ್ರ ಕುರ್‌ಆನಿನ ಅರ್‍ರಹ್ಮಾನ್ ಅಧ್ಯಾಯವು ಅಲ್ಲಾಹನ ಅನುಗ್ರಹಗಳನ್ನು ಎಣಿಸುವಾಗ ಮುತ್ತಿನೊಂದಿಗೆ ಹವಳವನ್ನೂ ಹೆಸರಿಸುತ್ತದೆ.

1998ರಲ್ಲಿ ಸಮುದ್ರದ ನೀರು ಬಿಸಿಯೇರಿ ಲಕ್ಷದ್ವೀಪದ ಹವಳಗಳು ಅಪಾರ ಪ್ರಮಾಣದಲ್ಲಿ ಸತ್ತವು. ಅದರೆದುರು ಒಂದು ಟಿಸಿಲು ಯಾವ ಲೆಕ್ಕ ಎಂದು ಯಾರಾದರೂ ಕೇಳಬಹುದು. ಆದರೆ ಬಿತ್ತಿದ ಜೋಳದ ಹೊಲವನ್ನು ತುಳಿದವನು, ಈ ಸಲ ಮಳೆಯೇ ಕೈಕೊಟ್ಟಿತು, ನನ್ನದೇನು ಮಹಾ ಎಂದರೆ ನಾವು ಒಪ್ಪುತ್ತೇವೆಯೇ? ಹೊಲದವನ ಮುಂದೆ ನಾಚುವ ನಾವು, ಸಮುದ್ರದ ಒಡೆಯನ ಮುಂದೆ ನಾಚುವುದು ಬೇಡವೇ?

ನಾನು ಮಗನಿಗೆ ಹೇಳಿದೆ: ಅರಿಯದೆ ಆದ ತಪ್ಪನ್ನು ಕರುಣಾಮಯಿಯಾದ ಅಲ್ಲಾಹನು ಕ್ಷಮಿಸುತ್ತಾನೆ. ಆದರೆ ಕೇಳಿ ತಿಳಿಯಬಹುದಾಗಿದ್ದಾಗಲೂ ಕೇಳದಿರುವುದು ಬರೀ ಅಜ್ಞಾನವಲ್ಲ, ಅಸಡ್ಡೆ. ತಿಳಿದ ಮೇಲೆ ಮತ್ತೆ ಕಾಲಿಟ್ಟರೆ ಅದು ನಿನ್ನದೇ ಆಯ್ಕೆ. ಹೀಗೆ ಹೇಳುವಾಗ ನನಗೇ ನಾಚಿಕೆಯಾಯಿತು. ನೀರಿಗಿಳಿಸುವ ಮುನ್ನ ಕೇಳಬೇಕಾಗಿದ್ದವನು ತಂದೆಯಾದ ನಾನೇ ಅಲ್ಲವೇ?

ಹಾಗಾದರೆ ಹೋಗಲೇಬಾರದೇ? ಹಾಗಲ್ಲ. ಸೃಷ್ಟಿಯನ್ನು ಕಂಡು ಸೃಷ್ಟಿಕರ್ತನನ್ನು ಸ್ಮರಿಸುವುದು ಒಳ್ಳೆಯದೇ. ಆದರೆ ನೋಡುವುದಕ್ಕೂ ಒಂದು ಅದಬ್ ಇದೆ. ಮುಟ್ಟದೆ, ತುಳಿಯದೆ, ಮನೆಯವರಿಗೆ ತೊಂದರೆ ಕೊಡದ ಅತಿಥಿಯಂತೆ ನೋಡಿ ಬರಬೇಕು. ಒಳ್ಳೆಯ ಚಿತ್ರ ಸಿಗದಿದ್ದರೆ ನಷ್ಟವೇನಿಲ್ಲ.

ಊರಿಗೆ ಬಂದ ಮೇಲೆ ಮಗ ಆ ಗಿಳಿಮೀನಿನ ಚಿತ್ರವನ್ನು ಓಣಿಯ ಗೆಳೆಯರಿಗೆಲ್ಲ ತೋರಿಸಿದ. ಪ್ರತಿ ಸಲವೂ ಮೊದಲು ಮುರಿದ ಹವಳದ ಸಂಗತಿಯನ್ನೇ ಹೇಳಿದ. ಪಶ್ಚಾತ್ತಾಪವೆಂದರೆ ಇದೂ ಅಲ್ಲವೇ?